ಕೆಲಸದ ಪಾಲಿಗ್ರಾಫ್‌ನಲ್ಲಿ ಬಾಯಿಬಿಟ್ಟದ್ದು ಕೋರ್ಟ್ ಮಾರ್ಷಲ್‌ವರೆಗೆ ಹೋಗುತ್ತದೆಯೇ?

ಪ್ರಶ್ನೆ: ನನ್ನ ಅಕ್ಕ ಮದುವೆಯಾದಾಗಿನಿಂದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗ ಅಲ್ಲೇ ಹುಟ್ಟಿ ಬೆಳೆದವನು. ಅಮೆರಿಕದ ಸೇನೆಯಲ್ಲಿ ಸಾರ್ಜೆಂಟ್, ಏಳು ವರ್ಷದ ಸರ್ವೀಸ್. ಸೇನೆ ಬಿಟ್ಟ ಮೇಲೆ ಸೇರೋಣವೆಂದು ಒಂದು ಫೆಡರಲ್ ಪೊಲೀಸ್ ಹುದ್ದೆಗೆ ಅರ್ಜಿ ಹಾಕಿದ್ದ. ಅಲ್ಲಿ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ ಮಾಡಿದರು. ‘ಸಣ್ಣಪುಟ್ಟದ್ದೆಲ್ಲ ಹೇಳಿಬಿಡಿ, ಆಮೇಲೆ ನಿಶ್ಚಿಂತೆ’ ಎಂದರಂತೆ. ಎರಡು ವರ್ಷದ ಹಿಂದೆ ರಜೆಯಲ್ಲಿ ಗೆಳೆಯನ ಜೊತೆ ಒಮ್ಮೆ ಗಾಂಜಾ ಸೇದಿದ್ದನ್ನೂ ಯೂನಿಟ್‌ನ ಒಂದಿಷ್ಟು ಟೂಲ್ಸ್ ಮನೆಗೆ ತಂದಿಟ್ಟಿದ್ದನ್ನೂ ಇವನು ಹೇಳಿದ್ದಾನೆ. ಕೆಲಸ ಸಿಗಲಿಲ್ಲ. ಈಗ ಸೇನೆಯ ಅಪರಾಧ ತನಿಖಾ ವಿಭಾಗವಾದ ಸಿಐಡಿಯವರು ‘ಬಂದು ಮಾತಾಡಿ’ ಎಂದು ಕರೆದಿದ್ದಾರೆ. ಕೆಲಸಕ್ಕೆಂದು ಹೇಳಿದ್ದನ್ನು ಹೀಗೆ ತಿರುಗಿಸಬಹುದೇ? ಅವನಿಗೆ ಯಾರೂ ಹಕ್ಕುಗಳನ್ನು ಓದಿ ಹೇಳಲಿಲ್ಲವಂತೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಲ್ಲವೇ? ಆ ರಾಜ್ಯದಲ್ಲಿ ಗಾಂಜಾಕ್ಕೆ ಅನುಮತಿಯೂ ಇದೆಯಂತೆ. ಟೂಲ್ಸ್ ಇನ್ನೂ ಅಕ್ಕನ ಗ್ಯಾರೇಜಿನಲ್ಲಿದೆ. ಎತ್ತಿ ಬಿಸಾಡಿಬಿಡಲೇ ಎಂದು ಕೇಳುತ್ತಿದ್ದಾಳೆ. — ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದು ಇವತ್ತೇ ನಿರ್ಧಾರವಾಗಬೇಕು. ಬಿಸಾಡಬೇಡಿ. ಸ್ಥಳ ಬದಲಿಸಬೇಡಿ, ಯಾರಿಗೂ ಕೊಡಬೇಡಿ, ಮುಟ್ಟಲೇಬೇಡಿ. ತನಿಖೆ ನಡೆಯುತ್ತಿದೆ ಎಂದು ತಿಳಿದ ಮೇಲೆ ವಸ್ತುವನ್ನು ಮಾಯ ಮಾಡಿದರೆ ಅದೇ ಒಂದು ಹೊಸ ಅಪರಾಧ. ನಿಮ್ಮ ಸೋದರಳಿಯನಿಗೆ ಸೇನಾ ನ್ಯಾಯ ಸಂಹಿತೆಯ 131ಬಿ ವಿಧಿಯಡಿ ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪ ಬರುತ್ತದೆ. ನಿಮ್ಮ ಅಕ್ಕನಿಗೆ ಸಾಮಾನ್ಯ ಫೆಡರಲ್ ಕಾನೂನಿನ ಕೆಳಗೆ ಅಂಥದ್ದೇ ತೊಂದರೆ. ನಾಲ್ಕು ಸ್ಪ್ಯಾನರ್‌ಗಳ ಕೇಸು ನಿಜವಾದ ಜೈಲಿನ ಕೇಸಾಗುವುದು ಇಂಥ ಗಾಬರಿಯಿಂದಲೇ. ಟೂಲ್ಸ್ ವಾಪಸ್ ಹೋಗಬೇಕೇ, ಹೋದರೆ ಯಾರ ಕೈಯಿಂದ, ಯಾವಾಗ ಎಂಬುದನ್ನು ವಕೀಲರು ನಿರ್ಧರಿಸಲಿ. ತಾನಾಗಿ ಹೊತ್ತೊಯ್ದು ಕೊಟ್ಟರೆ ಅದೂ ಒಂದು ತಪ್ಪೊಪ್ಪಿಗೆಯೇ ಆಗುತ್ತದೆ.

ಇನ್ನೊಂದು ಮಾತು ನಿಮಗೇ. ಮನೆಯವರ ವಾಟ್ಸ್ಆಪ್ ಗುಂಪಿನಲ್ಲಿ ಈ ವಿಷಯದ ಚರ್ಚೆ ನಿಲ್ಲಿಸಿ. ಸೇನಾ ನ್ಯಾಯಾಲಯದ ಸಾಕ್ಷ್ಯ ನಿಯಮಗಳಲ್ಲಿ ವಕೀಲ, ಪಾದ್ರಿ, ಮನೋಚಿಕಿತ್ಸಕ, ಹೆಂಡತಿ ಅಥವಾ ಗಂಡನ ಜೊತೆ ಆಡಿದ ಮಾತಿಗೆ ಒಂದಲ್ಲ ಒಂದು ರಕ್ಷಣೆ ಇದೆ. ತಾಯಿಗಿಲ್ಲ, ಸೋದರಮಾವನಿಗೂ ಇಲ್ಲ. ‘ಎಷ್ಟು ಟೂಲ್ಸ್ ತಂದಿದ್ದೆ ಮಾರಾಯ’ ಎಂದು ನೀವು ಕೇಳಿ, ಅವನು ಉತ್ತರ ಬರೆದರೆ, ತನಿಖಾಧಿಕಾರಿಗೆ ಬೇಕಾದ ಎರಡನೇ ಸಾಕ್ಷ್ಯವನ್ನು ನೀವಿಬ್ಬರೂ ಸೇರಿ ತಯಾರಿಸಿಕೊಟ್ಟಂತೆ. ಈಗಾಗಲೇ ಬರೆದದ್ದು ಇದ್ದರೆ ಅಳಿಸಬೇಡಿ, ಮುಂದೆ ಬರೆಯಬೇಡಿ.

ಈಗ ಮೂಲ ಪ್ರಶ್ನೆ. ಕೆಲಸಕ್ಕೆಂದು ಹೇಳಿದ್ದನ್ನು ಸೇನೆಗೆ ರವಾನಿಸಬಹುದೇ? ಬಹುಮಟ್ಟಿಗೆ, ಹೌದು. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಉದ್ಯೋಗಿಗಳನ್ನು ಪಾಲಿಗ್ರಾಫ್‌ಗೆ ಕೂರಿಸುವುದನ್ನು 1988ರ ಕಾಯ್ದೆಯೊಂದು ಬಹುತೇಕ ನಿಷೇಧಿಸಿದೆ. ಆದರೆ ಅದು ಸರ್ಕಾರಕ್ಕೆ ಅನ್ವಯಿಸುವುದಿಲ್ಲ. ಅಷ್ಟೇ ಏಕೆ, ಗಡಿ ಮತ್ತು ಸುಂಕ ಇಲಾಖೆಯ ಕಾನೂನು ಜಾರಿ ಹುದ್ದೆಗಳಿಗೆ ಪಾಲಿಗ್ರಾಫ್ ಕಡ್ಡಾಯವೆಂದು ಅಮೆರಿಕದ ಸಂಸತ್ತೇ 2010ರಲ್ಲಿ ಕಾನೂನು ಮಾಡಿತು. ಕೆಲವು ಮಾಜಿ ಸೈನಿಕರಿಗೆ ವಿನಾಯಿತಿ ಕೊಡಲು ಆಮೇಲೆ ಅವಕಾಶ ಬಂತು, ಆದರೆ ಮೂಲ ನಿಯಮ ಹಾಗೇ ಇದೆ. ಪರೀಕ್ಷೆಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ, ಅಪರಾಧದ ಮಾಹಿತಿ ಬಂದರೆ ಸಂಬಂಧಪಟ್ಟ ತನಿಖಾ ಸಂಸ್ಥೆಗೆ ಕೊಡಬಹುದು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಕೆಲಸದ ಆಸೆಯಲ್ಲಿರುವವನು ಅದನ್ನು ಓದುವುದಿಲ್ಲ. 1974ರ ಖಾಸಗಿತನ ಕಾಯ್ದೆಯೂ ಇಂಥ ಹಂಚಿಕೆಗೆ ದಾರಿ ಬಿಟ್ಟಿದೆ. ಕೋಣೆಯಲ್ಲಿ ಕೂತಿದ್ದ ಪರೀಕ್ಷಕ ವೈದ್ಯನೂ ಅಲ್ಲ, ವಕೀಲನೂ ಅಲ್ಲ. ಅವನ ಜೊತೆಗಿನ ಮಾತಿಗೆ ಗೋಪ್ಯತೆಯಿಲ್ಲ.

ಹಕ್ಕುಗಳನ್ನು ಓದಲಿಲ್ಲ ಎಂಬ ವಾದಕ್ಕೆ ಬರೋಣ. ವಕೀಲರಿಗೆ ನಿಜವಾದ ಕೆಲಸವಿರುವುದು ಇಲ್ಲಿ.

ಸಿನಿಮಾಗಳಲ್ಲಿ ನೋಡುವ, ‘ಸುಮ್ಮನಿರುವ ಹಕ್ಕು ನಿಮಗಿದೆ’ ಎಂಬ ಮಿರಾಂಡಾ ಎಚ್ಚರಿಕೆ 1966ರ ತೀರ್ಪಿನಿಂದ ಬಂದದ್ದು, ಬಂಧನದಲ್ಲಿದ್ದವರ ವಿಚಾರಣೆಗೆ ಮಾತ್ರ. ಅರ್ಜಿದಾರ ಬಂಧನದಲ್ಲಿರುವುದಿಲ್ಲ. ಎದ್ದು ಹೋಗಬಹುದು, ಹೋದರೆ ಕೆಲಸ ಮಾತ್ರ ಹೋಗುತ್ತದೆ. ಆದ್ದರಿಂದ ಅದು ಅನ್ವಯಿಸದು. ಸರ್ಕಾರಿ ನೌಕರನಿಗೆ ‘ಉತ್ತರಿಸು, ಇಲ್ಲವೇ ವಜಾ’ ಎಂದು ಹೆದರಿಸಿ ಪಡೆದ ಹೇಳಿಕೆಯನ್ನು ಕ್ರಿಮಿನಲ್ ಕೇಸಿನಲ್ಲಿ ಬಳಸಬಾರದೆಂಬ 1967ರ ಗ್ಯಾರಿಟಿ ತೀರ್ಪೂ ಇವನಿಗೆ ಒದಗುವುದಿಲ್ಲ. ಇನ್ನೂ ಸಿಗದ ಕೆಲಸ ಕಳೆದುಕೊಳ್ಳುವ ಭಯವನ್ನು ನ್ಯಾಯಾಲಯ ಒತ್ತಾಯವೆಂದು ಕಾಣುವುದು ಕಷ್ಟ.

ಸೈನಿಕನಿಗೆ ಮಿರಾಂಡಾಕ್ಕಿಂತ ಹಳೆಯ, ಕೆಲವು ಕಡೆ ಅದಕ್ಕಿಂತ ಗಟ್ಟಿಯಾದ ರಕ್ಷಣೆಯೊಂದಿದೆ. 1950ರಲ್ಲಿ ರೂಪುಗೊಂಡ ಸೇನಾ ನ್ಯಾಯ ಸಂಹಿತೆಯ 31ನೇ ವಿಧಿ. ಸೇನಾ ಕಾನೂನಿಗೆ ಒಳಪಟ್ಟ ಯಾರೇ ಆಗಲಿ, ತಾವು ಶಂಕಿಸುವ ವ್ಯಕ್ತಿಯನ್ನು ಪ್ರಶ್ನಿಸುವ ಮುಂಚೆ ಮೂರು ಸಂಗತಿ ತಿಳಿಸಬೇಕು: ಯಾವ ಅಪರಾಧದ ಶಂಕೆ, ಏನೂ ಹೇಳಬೇಕಾಗಿಲ್ಲ, ಹೇಳಿದ್ದು ಕೋರ್ಟ್ ಮಾರ್ಷಲ್‌ನಲ್ಲಿ ಸಾಕ್ಷ್ಯವಾಗಬಹುದು. ಬಂಧನದಲ್ಲಿರಬೇಕೆಂಬ ಷರತ್ತಿಲ್ಲ. ಪದವಿಯ ಭಯವೇ ಸೈನಿಕನ ಬಾಯಿ ತೆರೆಸುತ್ತದೆ ಎಂಬ ಅರಿವಿನಿಂದ ಬಂದ ನಿಯಮ ಇದು. ಎಚ್ಚರಿಕೆ ಕೊಡದೆ ಪಡೆದ ಹೇಳಿಕೆಯನ್ನು ಅವನ ವಿರುದ್ಧ ಬಳಸುವಂತಿಲ್ಲ.

ಆದರೆ ನಿಯಮದ ಮೊದಲ ಮಾತನ್ನೇ ಮತ್ತೆ ಓದಿ. ಪ್ರಶ್ನಿಸುವವರು ‘ಸೇನಾ ಕಾನೂನಿಗೆ ಒಳಪಟ್ಟವರು’ ಆಗಿರಬೇಕು. ಇನ್ನೊಂದು ಇಲಾಖೆಯ ನಾಗರಿಕ ಪರೀಕ್ಷಕ ಆ ಗುಂಪಿಗೆ ಸೇರುವುದಿಲ್ಲ. ಮೇಲಾಗಿ, ಪ್ರಶ್ನೆ ಕೇಳುವ ಹೊತ್ತಿಗೆ ನಿಮ್ಮ ಸೋದರಳಿಯನ ಮೇಲೆ ಯಾರಿಗೂ ಯಾವ ಶಂಕೆಯೂ ಇರಲಿಲ್ಲ. ಎಲ್ಲ ಅರ್ಜಿದಾರರಿಗೂ ಕೇಳುವ ಪ್ರಶ್ನೆಯನ್ನೇ ಅವನಿಗೂ ಕೇಳಿದರು.

ಇದಕ್ಕೆ ಅಪವಾದಗಳಿವೆ. ನಾಗರಿಕ ತನಿಖೆ ಮತ್ತು ಸೇನಾ ತನಿಖೆ ಬೇರ್ಪಡಿಸಲಾಗದಷ್ಟು ಬೆರೆತಿದ್ದರೆ, ಅಥವಾ ನಾಗರಿಕ ಅಧಿಕಾರಿ ಸೇನೆಯ ಕೈಯಾಗಿ ಕೆಲಸ ಮಾಡುತ್ತಿದ್ದರೆ, ಅವನೂ 31ನೇ ವಿಧಿಯ ಎಚ್ಚರಿಕೆ ಕೊಡಬೇಕು ಎಂದು ಸೇನಾ ಮೇಲ್ಮನವಿ ನ್ಯಾಯಾಲಯ 1969ರಲ್ಲೇ ಹೇಳಿದೆ. 1988ರ ಕ್ವಿಲ್ಲೆನ್ ಪ್ರಕರಣದಲ್ಲಿ ಸೇನಾ ನೆಲೆಯ ಅಂಗಡಿಯ ನಾಗರಿಕ ಕಾವಲುಗಾರ್ತಿಯನ್ನೂ ಅದೇ ನಿಯಮದೊಳಗೆ ತಂದಿತು. ಆದ್ದರಿಂದ ವಕೀಲರು ಮೊದಲು ಕೇಳಬೇಕಾದದ್ದು ತಾರೀಖುಗಳನ್ನು. ಸಿಐಡಿ ಮತ್ತು ಆ ಇಲಾಖೆಯ ನಡುವೆ ಮೊದಲ ಸಂಪರ್ಕ ಯಾವಾಗ? ಟೂಲ್ಸ್ ಕಾಣೆಯಾದ ದೂರು ಯೂನಿಟ್‌ನಲ್ಲಿ ಮೊದಲೇ ಇತ್ತೇ? ಒಂದು ದಿನದ ಪರೀಕ್ಷೆ ಮುಗಿದ ಮೇಲೆ ಎರಡನೇ ಸಲ ಕರೆದದ್ದುಂಟೇ, ಆ ನಡುವೆ ಯಾರಾದರೂ ಸೇನೆಗೆ ಫೋನ್ ಮಾಡಿದ್ದರೇ? ಮೊದಲ ದಿನ ಹೇಳಿದ್ದಕ್ಕೂ, ಸೇನೆಗೆ ಸುದ್ದಿ ಹೋದ ಮೇಲೆ ‘ಇನ್ನಷ್ಟು ವಿವರ ಕೊಡಿ’ ಎಂದು ಕೇಳಿ ಪಡೆದದ್ದಕ್ಕೂ ಕಾನೂನಿನಲ್ಲಿ ಬಹಳ ಅಂತರವಿದೆ. ನೀವು ಬರೆದದ್ದನ್ನು ನೋಡಿದರೆ ಇಲ್ಲಿ ಹಾಗೇನೂ ನಡೆದಂತಿಲ್ಲ. ಆದರೂ ಕಾಗದ ನೋಡದೆ ಈ ವಾದವನ್ನು ಕೈಬಿಡಬಾರದು.

‘ಹೇಳಿಬಿಡಿ, ಆಮೇಲೆ ನಿಶ್ಚಿಂತೆ’ ಎಂದದ್ದು? ಒತ್ತಾಯ ಅಥವಾ ಕಾನೂನುಬಾಹಿರ ಆಮಿಷದಿಂದ ಪಡೆದ ಹೇಳಿಕೆಯನ್ನೂ 31ನೇ ವಿಧಿಯೇ ಹೊರಗಿಡುತ್ತದೆ. ‘ಇದು ಈ ಕೋಣೆ ದಾಟುವುದಿಲ್ಲ’ ಎಂದು ಮಾತು ಕೊಟ್ಟಿದ್ದರೆ ಹೋರಾಡಲು ಏನಾದರೂ ಇರುತ್ತಿತ್ತು. ಬರೀ ಪುಸಲಾಯಿಸಿದ್ದನ್ನು ನ್ಯಾಯಾಧೀಶರು ಸಾಮಾನ್ಯವಾಗಿ ಆಮಿಷ ಎನ್ನುವುದಿಲ್ಲ. ಧ್ವನಿ ಅಥವಾ ವಿಡಿಯೊ ಮುದ್ರಣ ಇದ್ದರೆ ಅದನ್ನು ತರಿಸಿಕೊಂಡು ಪೂರ್ತಿ ಕೇಳಬೇಕು. ಪರೀಕ್ಷಕರ ವರದಿಯಲ್ಲಿ ‘ಕದ್ದೆ ಎಂದು ಒಪ್ಪಿದ’ ಎಂದಿರುವುದು ಟೇಪಿನಲ್ಲಿ ‘ಮನೆಗೆ ತಂದಿದ್ದೆ, ವಾಪಸ್ ಮಾಡಲು ಮರೆತೆ’ ಎಂದಿದ್ದರೆ ಕೇಸಿನ ಬಣ್ಣವೇ ಬದಲಾಗುತ್ತದೆ. ಕಳ್ಳತನಕ್ಕೆ ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶ ಬೇಕು.

ನಿಮ್ಮ ಊರಿನ ಅನುಭವದಿಂದ ಹುಟ್ಟಿದ ಪ್ರಶ್ನೆ ಒಂದಿದೆ: ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬುದು. ಭಾರತದಲ್ಲಿ ಅದು ಸರಿ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹಾಗೆ ಹೇಳುತ್ತಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಪಾಲಿಗ್ರಾಫ್ ವಿಷಯದಲ್ಲಂತೂ ನಮ್ಮ ರಾಜ್ಯದ ಹೆಸರೇ ಇರುವ ತೀರ್ಪಿದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ, 2010ರ ಮೇ 5ರಂದು, ವ್ಯಕ್ತಿಯ ಸಮ್ಮತಿಯಿಲ್ಲದೆ ನಾರ್ಕೊ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಮಾಡುವುದು ಸಂವಿಧಾನದ 20(3)ನೇ ವಿಧಿಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಮೆರಿಕದಲ್ಲಿ ಈ ಬೇಲಿ ಇಲ್ಲ. ಅಲ್ಲಿ ಪೊಲೀಸರಿಗೆ, ಪರೀಕ್ಷಕರಿಗೆ, ಪಕ್ಕದ ಮನೆಯವರಿಗೆ ಹೇಳಿದ್ದು ಎಲ್ಲವೂ ಆರೋಪಿಯ ವಿರುದ್ಧ ಸಾಕ್ಷ್ಯವಾಗಬಹುದು. ಶಿವಮೊಗ್ಗದ ಧೈರ್ಯದಲ್ಲಿ ಅಲ್ಲಿ ಬಾಯಿ ಬಿಡಬಾರದು.

ಯಂತ್ರದ ಬಗ್ಗೆ ಜನರಿಗೆ ಇಲ್ಲದ ಭಯ. ಎದೆಗೆ ಸುತ್ತಿದ ಕೊಳವೆ ಉಸಿರಾಟವನ್ನೂ, ತೋಳಿನ ಪಟ್ಟಿ ರಕ್ತದೊತ್ತಡವನ್ನೂ, ಬೆರಳಿನ ತಗಡುಗಳು ಬೆವರನ್ನೂ ಅಳೆಯುತ್ತವೆ. ಸುಳ್ಳನ್ನು ಅಳೆಯುವ ಸಾಧನ ಅದರೊಳಗಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2003ರ ವರದಿ ಇದನ್ನು ವಿವರವಾಗಿ ಚರ್ಚಿಸಿದೆ. ಒಂದು ನಿರ್ದಿಷ್ಟ ಘಟನೆಯ ಬಗ್ಗೆ ಕೇಳಿದಾಗ ಯಂತ್ರ ಊಹೆಗಿಂತ ಚೆನ್ನಾಗಿ, ಆದರೆ ಪರಿಪೂರ್ಣತೆಗಿಂತ ಬಹಳ ಕೆಳಗೆ ಕೆಲಸ ಮಾಡಬಹುದು. ನೌಕರರನ್ನು ಸಾರಾಸಗಟಾಗಿ ಸೋಸುವ ಪರೀಕ್ಷೆಗಳಲ್ಲಿ ನೆಚ್ಚಿಕೊಳ್ಳುವಷ್ಟು ನಿಖರತೆ ಅದಕ್ಕಿಲ್ಲ ಎಂಬುದು ಆ ವರದಿಯ ಸಾರ. ಹಾಗಾದರೆ ಸರ್ಕಾರಿ ಇಲಾಖೆಗಳು ಇದನ್ನೇಕೆ ಬಿಡುವುದಿಲ್ಲ? ಯಂತ್ರ ಇದೆ ಎಂಬ ಕಾರಣಕ್ಕೆ ಜನ ಮಾತಾಡುತ್ತಾರೆ. ಪರೀಕ್ಷೆಗೆ ಮುಂಚಿನ ದೀರ್ಘ ಸಂದರ್ಶನ, ತಂತಿ ಕಟ್ಟಿದ ಅವಧಿ, ಆಮೇಲಿನ ‘ಈ ಪ್ರಶ್ನೆಯಲ್ಲಿ ನಿಮಗೇನೋ ಕಸಿವಿಸಿ ಆಗಿದೆ’ ಎಂಬ ಮಾತುಕತೆ, ಹೀಗೆ ಮೂರು ಘಟ್ಟ. ಒಪ್ಪಿಗೆಗಳು ಹೊರಬರುವುದು ಬಹುತೇಕ ಮೊದಲ ಮತ್ತು ಮೂರನೇ ಘಟ್ಟದಲ್ಲಿ.

ಸೇನಾ ಸಾಕ್ಷ್ಯ ನಿಯಮ 707 ಈ ವ್ಯತ್ಯಾಸವನ್ನೇ ಹಿಡಿದುಕೊಂಡಿದೆ. ಯಂತ್ರದ ಫಲಿತಾಂಶ, ಪರೀಕ್ಷಕರ ಅಭಿಪ್ರಾಯ, ಪರೀಕ್ಷೆಗೆ ಒಪ್ಪಿದ ಅಥವಾ ನಿರಾಕರಿಸಿದ ಪ್ರಸ್ತಾಪ, ಯಾವುದೂ ಕೋರ್ಟ್ ಮಾರ್ಷಲ್‌ಗೆ ಬರುವಂತಿಲ್ಲ. ಆದರೆ ಪರೀಕ್ಷೆಯ ವೇಳೆ ಆಡಿದ ಮಾತು ಬೇರೆ ನಿಯಮಗಳ ಪ್ರಕಾರ ಸ್ವೀಕಾರಾರ್ಹವಾಗಿದ್ದರೆ ಬರಬಹುದು. 1998ರ ಶೆಫರ್ ಪ್ರಕರಣದಲ್ಲಿ ವಾಯುಪಡೆಯ ಸೈನಿಕನೊಬ್ಬ, ತಾನು ಪಾಲಿಗ್ರಾಫ್ ‘ಪಾಸಾದದ್ದನ್ನು’ ತನ್ನ ಪರವಾಗಿ ತೋರಿಸಲು ಅವಕಾಶ ಕೇಳಿದ. ಸುಪ್ರೀಂ ಕೋರ್ಟ್ ಕೊಡಲಿಲ್ಲ, ನಿಯಮವನ್ನು ಎತ್ತಿಹಿಡಿಯಿತು. ಪಾಸಾದದ್ದು ಸಾಕ್ಷ್ಯವಲ್ಲ, ಬಾಯಿಬಿಟ್ಟದ್ದು ಸಾಕ್ಷ್ಯ. ಸೈನಿಕನ ದೃಷ್ಟಿಯಿಂದ ಇದಕ್ಕಿಂತ ನಷ್ಟದ ವ್ಯಾಪಾರ ಇನ್ನೊಂದಿಲ್ಲ.

707ನೇ ನಿಯಮದಿಂದ ರಕ್ಷಣಾ ವಕೀಲರಿಗೆ ಬಹುಕಾಲ ಇನ್ನೊಂದು ಪೇಚಾಟವೂ ಇತ್ತು. ಒಪ್ಪಿಗೆ ಪೀಠದ ಮುಂದೆ ಬರುತ್ತದೆ, ಅದು ಗಂಟೆಗಟ್ಟಲೆ ತಂತಿ ಕಟ್ಟಿಕೊಂಡು ಕೂತ ಮೇಲೆ ಬಂದ ಒಪ್ಪಿಗೆ ಎಂಬುದು ಬರುವುದಿಲ್ಲ. ಕೇಳುವವರಿಗೆ ಅದು ಕಾಫಿ ಕುಡಿಯುತ್ತಾ ಹೇಳಿದ್ದರಂತೆ ತೋರುತ್ತದೆ. 2019ರಲ್ಲಿ ಸೇನಾ ಮೇಲ್ಮನವಿ ನ್ಯಾಯಾಲಯ ಕೋಲ್ಬೆಕ್ ಪ್ರಕರಣದಲ್ಲಿ ಇದನ್ನು ಸಡಿಲಿಸಿತು. ಒಪ್ಪಿಗೆ ಯಾವ ಸನ್ನಿವೇಶದಲ್ಲಿ, ಯಾವ ಒತ್ತಡದಲ್ಲಿ ಬಂತೆಂದು ವಿವರಿಸಲು ಪಾಲಿಗ್ರಾಫ್ ನಡೆದ ಸಂಗತಿಯನ್ನು ಹೇಳುವುದಕ್ಕೆ ನಿಯಮ ಅಡ್ಡಿಯಲ್ಲ ಎಂದಿತು. ನಿಮ್ಮ ಸೋದರಳಿಯ ‘ನಾನು ಹೇಳಿದ್ದು ನಿಜವಲ್ಲ, ಅವರು ಬಿಡಲಿಲ್ಲವೆಂದು ದೊಡ್ಡದು ಮಾಡಿ ಹೇಳಿದೆ’ ಎನ್ನುವುದಾದರೆ ಇದು ಉಪಯೋಗಕ್ಕೆ ಬರುತ್ತದೆ.

ಇಷ್ಟು ಓದಿ ಕೈಚೆಲ್ಲಬೇಡಿ. ಬಲವಾದ ಗೋಡೆ ಇರುವುದು ಸೇನಾ ಸಾಕ್ಷ್ಯ ನಿಯಮ 304ರಲ್ಲಿ. ಆರೋಪಿಯ ಒಪ್ಪಿಗೆಯೊಂದರ ಮೇಲೆಯೇ ಅವನನ್ನು ಶಿಕ್ಷಿಸುವಂತಿಲ್ಲ. ಆ ಒಪ್ಪಿಗೆ ನಂಬಲರ್ಹ ಎಂದು ತೋರಿಸುವ ಸ್ವತಂತ್ರ ಸಾಕ್ಷ್ಯ ಬೇಕು. 2016ರಲ್ಲಿ ಈ ನಿಯಮವನ್ನು ಸಡಿಲಗೊಳಿಸಿದ್ದಾರೆ, ಒಪ್ಪಿಗೆಯ ಪ್ರತಿ ಅಂಶಕ್ಕೂ ಬೇರೆ ಪುರಾವೆ ಬೇಕಿಲ್ಲ. ಆದರೂ ಏನಾದರೊಂದು ಬೇಕೇ ಬೇಕು. ನಿಮ್ಮ ಸೋದರಳಿಯನ ಎರಡು ಸಂಗತಿಗಳು ಬೇರೆಯಾಗುವುದು ಇಲ್ಲಿ.

ಗಾಂಜಾ: ಎರಡು ವರ್ಷ ಹಳೆಯದು, ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿದ್ದಲ್ಲ. ಜೊತೆಗಿದ್ದ ಗೆಳೆಯ, ಆ ದಿನದ ಫೋಟೊ, ಫೋನಿನ ಸಂದೇಶ, ಇವು ಬಿಟ್ಟರೆ ಸ್ವತಂತ್ರ ಸಾಕ್ಷ್ಯ ಎಲ್ಲಿಂದ ಬರಬೇಕು? ಆ ಗೆಳೆಯ ಯಾರು ಎಂದು ಪರೀಕ್ಷಕರಿಗೆ ಹೇಳಿದ್ದಾನೆಯೇ ಎಂಬುದು ದೊಡ್ಡ ಪ್ರಶ್ನೆ. ರಾಜ್ಯದಲ್ಲಿ ಅನುಮತಿ ಇದೆ ಎಂಬುದು ಮಾತ್ರ ಉಪಯೋಗಕ್ಕೆ ಬಾರದ ವಾದ. ಸೈನಿಕ ಯಾವ ರಾಜ್ಯದಲ್ಲಿ ರಜೆ ಕಳೆದರೂ ಮಾದಕ ವಸ್ತು ಬಳಕೆಯನ್ನು ಅಪರಾಧವೆನ್ನುವ ಸೇನಾ ನ್ಯಾಯ ಸಂಹಿತೆಯ 112ಎ ವಿಧಿ ಅವನ ಜೊತೆಗೇ ಇರುತ್ತದೆ. ಕಾಲಮಿತಿಯೂ ಸಾಮಾನ್ಯವಾಗಿ 5 ವರ್ಷ, ಇನ್ನೂ ಮುಗಿದಿಲ್ಲ.

ಟೂಲ್ಸ್ ಕಥೆಯೇ ಬೇರೆ. ಯೂನಿಟ್‌ನಲ್ಲಿ ಪ್ರತಿಯೊಂದು ಸಾಮಾನಿಗೂ ಲೆಕ್ಕ, ಸಹಿ ಹಾಕಿದ ರಸೀದಿ ಇರುತ್ತದೆ. ಕೊರತೆ ದಾಖಲಾಗಿದ್ದರೆ ಅದೇ ಸ್ವತಂತ್ರ ಸಾಕ್ಷ್ಯ. ಗ್ಯಾರೇಜಿನಲ್ಲಿ ಸಿಕ್ಕರೆ ಹೇಳುವುದೇ ಬೇಡ. ಆದ್ದರಿಂದ ಶೋಧಕ್ಕೆ ‘ಆಗಲಿ’ ಎಂದು ಯಾರೂ ಹೇಳಬಾರದು. ಬ್ಯಾರಕ್‌ನ ಕೋಣೆಯನ್ನು ಶೋಧಿಸಲು ಕಮಾಂಡರ್ ಅನುಮತಿ ಕೊಡಬಹುದು. ನ್ಯೂಜೆರ್ಸಿಯ ಮನೆ ಸೇನೆಯ ಜಾಗವಲ್ಲ, ಅದಕ್ಕೆ ನಾಗರಿಕ ನ್ಯಾಯಾಧೀಶರ ವಾರಂಟ್ ಬೇಕು. ಬಾಗಿಲಿಗೆ ಬಂದ ಅಧಿಕಾರಿಗಳಿಗೆ ನಿಮ್ಮ ಅಕ್ಕ ಮರ್ಯಾದೆಯಿಂದ ‘ವಕೀಲರ ಜೊತೆ ಮಾತಾಡದೆ ಒಳಗೆ ಬಿಡುವುದಿಲ್ಲ’ ಎನ್ನಬಹುದು. ವಾರಂಟ್ ತಂದಿದ್ದರೆ ಅಡ್ಡ ನಿಲ್ಲಬಾರದು. ‘ಇಲ್ಲಿ ಏನೂ ಇಲ್ಲ’ ಎಂದು ಸುಳ್ಳು ಹೇಳಿದರೆ, ಫೆಡರಲ್ ಅಧಿಕಾರಿಗೆ ಸುಳ್ಳು ಹೇಳಿದ್ದೇ ಅಪರಾಧ. ಅತಿಥಿ ಸತ್ಕಾರದ ಅಭ್ಯಾಸ ಇರುವ ಮನೆಗಳಲ್ಲಿ ‘ಬನ್ನಿ, ಕೂತುಕೊಳ್ಳಿ’ ಎಂಬುದು ತಾನಾಗೇ ಬಾಯಿಗೆ ಬರುತ್ತದೆ. ಅಕ್ಕನಿಗೆ ಮೊದಲೇ ಹೇಳಿಡಿ.

ಈಗ ಸಿಐಡಿ ಕರೆದದ್ದು ಏಕೆಂದು ಅರ್ಥವಾಗಿರಬೇಕು. ಅವರ ಕೈಯಲ್ಲಿರುವುದು ಬೇರೆಯವರು ಪಡೆದ, ಪುಷ್ಟಿಯಿಲ್ಲದ ಒಂದು ಒಪ್ಪಿಗೆ. ಅವರಿಗೆ ಬೇಕಿರುವುದು ಎರಡನೆಯದು, ಡಿಎ ಫಾರ್ಮ್ 3881 ಎಂಬ ಹಕ್ಕುಗಳ ಕಾಗದಕ್ಕೆ ಸಹಿ ಹಾಕಿಸಿಕೊಂಡು, ವಿವರಗಳ ಸಮೇತ, ಲಿಖಿತವಾಗಿ. ಗೆಳೆಯನ ಹೆಸರು, ಟೂಲ್ಸ್ ಇರುವ ಜಾಗ, ಎಲ್ಲ ಅದರಲ್ಲಿ ಬರುತ್ತದೆ. ‘ಹೇಗೂ ಒಮ್ಮೆ ಹೇಳಿಯಾಗಿದೆ, ಇನ್ನು ಮುಚ್ಚಿಡಲು ಏನಿದೆ’ ಎಂದು ಸೈನಿಕನಿಗೆ ಅನ್ನಿಸುತ್ತದೆ. ಅಪಾಯ ಇರುವುದು ಆ ಭಾವನೆಯಲ್ಲೇ. ಅವನು ಹಾಜರಾಗಲು ಆದೇಶ ಬಂದರೆ ಹಾಜರಾಗಲಿ. ‘ಹೇಳಿಕೆ ಕೊಡುವುದಿಲ್ಲ, ವಕೀಲರು ಬೇಕು’ ಎಂಬ ಎರಡು ಮಾತು ಹೇಳಿ ಸುಮ್ಮನಾಗಲಿ. ಸುಮ್ಮನಿದ್ದದ್ದನ್ನು ಅವನ ವಿರುದ್ಧ ಬಳಸುವಂತಿಲ್ಲ. ಇನ್ನೊಂದು ಪಾಲಿಗ್ರಾಫ್‌ಗೆ ಕೂತು ‘ಕ್ಲಿಯರ್’ ಮಾಡಿಕೊಳ್ಳಿ ಎಂದರೆ ಖಂಡಿತ ಬೇಡ. 1982ರ ವೈರಿಕ್ ವಿರುದ್ಧ ಫೀಲ್ಡ್ಸ್ ಪ್ರಕರಣದಲ್ಲಿ ಸೈನಿಕನೊಬ್ಬ ಸ್ವಂತ ವಕೀಲರಿದ್ದೂ ತಾನೇ ಕೇಳಿಕೊಂಡು ಸಿಐಡಿಯ ಪಾಲಿಗ್ರಾಫ್‌ಗೆ ಕೂತ. ಯಂತ್ರ ಬಿಚ್ಚಿದ ಮೇಲೆ ಕೇಳಿದ ಒಂದು ಪ್ರಶ್ನೆಗೆ ಉತ್ತರಿಸಿ ಸಿಕ್ಕಿಬಿದ್ದ. ವಕೀಲರಿಲ್ಲದೆ ಉತ್ತರಿಸಲು ಮೊದಲು ಕೊಟ್ಟ ಸಮ್ಮತಿ ಆಮೇಲಿನ ಪ್ರಶ್ನೆಗಳಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು.

ವಕೀಲರಿಗೆ ಹಣ ಸುರಿಯಬೇಕಿಲ್ಲ. ಸೇನೆಯ ಟ್ರಯಲ್ ಡಿಫೆನ್ಸ್ ಸರ್ವೀಸ್ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅವರು ಅವನ ಕಮಾಂಡರ್‌ನ ಕೈಕೆಳಗಿನವರಲ್ಲ.

ನನ್ನ ಅಂದಾಜು ಕೇಳಿದರೆ, ಇದು ಕೋರ್ಟ್ ಮಾರ್ಷಲ್‌ವರೆಗೆ ಹೋಗುವ ಸಾಧ್ಯತೆ ಕಡಿಮೆ. ಹೆದರಬೇಕಾದದ್ದು ಇಲಾಖಾ ಕ್ರಮಕ್ಕೆ. ಸೇನೆಯಿಂದ ಹೊರಹಾಕುವ ಮಂಡಳಿಯ ಮುಂದೆ ಸಾಕ್ಷ್ಯ ನಿಯಮಗಳು ಅಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ, ‘ಹೆಚ್ಚು ಸಂಭವ’ ಎನ್ನುವಷ್ಟು ಪುರಾವೆ ಸಾಕು. ಸ್ವತಂತ್ರ ಸಾಕ್ಷ್ಯವಿಲ್ಲದೆ ಕೋರ್ಟಿನಲ್ಲಿ ಬಿದ್ದುಹೋಗಬಹುದಾದ ಆ ಪಾಲಿಗ್ರಾಫ್ ಒಪ್ಪಿಗೆ ಅಲ್ಲಿ ಸಲೀಸಾಗಿ ನಡೆಯುತ್ತದೆ. ಒಳ್ಳೆಯದೆಂದರೆ ಅವನಿಗೆ 6 ವರ್ಷಕ್ಕಿಂತ ಹೆಚ್ಚಿನ ಸರ್ವೀಸ್ ಇದೆ. ಅಷ್ಟಿದ್ದವರಿಗೆ ಮಂಡಳಿಯ ಮುಂದೆ ವಕೀಲರ ಜೊತೆ ಹಾಜರಾಗಿ ವಾದಿಸುವ ಹಕ್ಕಿದೆ. ಅದನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಬಾರದು. ಬಿಡುಗಡೆ ಪತ್ರದಲ್ಲಿ ‘ಆನರಬಲ್’ ಎಂದು ಬರದೆ ಒಂದು ಮೆಟ್ಟಿಲು ಕೆಳಗಿನ ‘ಜನರಲ್’ ಎಂದು ಬಂದರೂ 9/11 ನಂತರದ ಜಿಐ ಬಿಲ್‌ನ ಓದಿನ ಸೌಲಭ್ಯ ಕೈತಪ್ಪುತ್ತದೆ. ತನಿಖೆ ಮುಗಿಯುವವರೆಗೆ ಅವನ ದಾಖಲೆಗೆ ‘ಫ್ಲ್ಯಾಗ್’ ಹಾಕುತ್ತಾರೆ, ಬಡ್ತಿ ನಿಲ್ಲುತ್ತದೆ, ಅವಧಿ ಮುಗಿದರೂ ಹಿಡಿದಿಟ್ಟುಕೊಳ್ಳಬಹುದು.

ಜನ ಮರೆಯುವ ಇನ್ನೊಂದು ಸಂಗತಿ, ಸಿಐಡಿ ವರದಿಯಲ್ಲಿ ‘ಶಂಕಿತ’ ಎಂದು ಹೆಸರು ದಾಖಲಾಗುವುದು. ಇದಕ್ಕೆ ‘ಟೈಟ್ಲಿಂಗ್’ ಎನ್ನುತ್ತಾರೆ. ನಂಬಬಹುದಾದ ಮಾಹಿತಿ ಇದ್ದರೆ ಸಾಕು, ಆರೋಪಪಟ್ಟಿಯೇ ಬೇಕಿಲ್ಲ. ಆ ಹೆಸರು ವರ್ಷಗಟ್ಟಲೆ ಡೇಟಾಬೇಸ್‌ನಲ್ಲಿ ಕೂತು, ಮುಂದಿನ ಪ್ರತಿ ಹಿನ್ನೆಲೆ ಪರಿಶೀಲನೆಯಲ್ಲೂ ತಲೆ ಎತ್ತುತ್ತದೆ. 2021ರ ರಕ್ಷಣಾ ಬಜೆಟ್ ಕಾಯ್ದೆಯ 545ನೇ ಕಲಮು ಇಂಥ ಹೆಸರನ್ನು ತೆಗೆಸಲು ಅರ್ಜಿ ಹಾಕುವ ದಾರಿ ಕೊಟ್ಟಿದೆ. ಕೇಸು ಬಿದ್ದುಹೋಯಿತೆಂದು ಸಿಹಿ ಹಂಚಿ ಸುಮ್ಮನಾಗದೆ ಆ ಅರ್ಜಿಯನ್ನೂ ಹಾಕಿಸಿ.

ನಿಮ್ಮ ಸೋದರಳಿಯ ಹುಟ್ಟಿನಿಂದ ಪ್ರಜೆ, ಆದ್ದರಿಂದ ಮುಂದಿನ ಮಾತು ಅವನಿಗಲ್ಲ. ಇದನ್ನು ಓದುವ ಬೇರೆ ಮನೆಗಳಲ್ಲಿ ಗ್ರೀನ್ ಕಾರ್ಡ್ ಮೇಲೆ ಸೇನೆ ಸೇರಿದ ಮಕ್ಕಳಿರಬಹುದು. ಅವರಿಗೆ ಮಾದಕ ವಸ್ತುವಿನ ಒಪ್ಪಿಗೆ ಇನ್ನೂ ಅಪಾಯಕಾರಿ. ಶಿಕ್ಷೆಯಾಗದಿದ್ದರೂ, ಬರೀ ಒಪ್ಪಿಕೊಂಡದ್ದೇ ವಲಸೆ ಕಾನೂನಿನಲ್ಲಿ ಪ್ರವೇಶ ನಿರಾಕರಣೆಗೆ ಕಾರಣವಾಗಬಲ್ಲದು. ಅಂಥವರು ಸೇನಾ ವಕೀಲರ ಜೊತೆಗೆ ವಲಸೆ ವಕೀಲರನ್ನೂ ಕಾಣಬೇಕು.

ಕೊನೆಗೆ ಒಂದು ಕೆಲಸ. ಅವನು ಇದೇ ಹೊತ್ತಿನಲ್ಲಿ ಬೇರೆ ಫೆಡರಲ್ ಅಥವಾ ರಾಜ್ಯ ಪೊಲೀಸ್ ಹುದ್ದೆಗಳಿಗೂ ಅರ್ಜಿ ಹಾಕಿರಬಹುದು, ಇಂಥ ಹುಡುಗರು ಸಾಮಾನ್ಯವಾಗಿ ಮೂರು ನಾಲ್ಕು ಕಡೆ ಹಾಕಿರುತ್ತಾರೆ. ಅಲ್ಲೂ ಪಾಲಿಗ್ರಾಫ್ ಇರುತ್ತದೆ, ‘ನಿಮ್ಮ ಮೇಲೆ ತನಿಖೆ ನಡೆಯುತ್ತಿದೆಯೇ’ ಎಂದು ಕೇಳುತ್ತಾರೆ, ಮತ್ತೆ ಅದೇ ಕಥೆ ಇನ್ನೊಬ್ಬರ ಮುಂದೆ. ಅರ್ಜಿಗಳ ಪಟ್ಟಿಯನ್ನು ವಕೀಲರಿಗೆ ಮೊದಲ ದಿನವೇ ಕೊಡಲಿ. ನಿಗದಿಯಾದ ಸಂದರ್ಶನಗಳನ್ನು ಅವರು ಹೇಳುವವರೆಗೆ ಮುಂದೂಡಲಿ.